ಅಮ್ಮ ಬಿಸಿ ಪಾತ್ರೆ ಇಳಿಸುವುದು ಯಾತರಲ್ಲಿ?

ಮಕ್ಕಳೇ, ಅಪ್ಪ ಅಮ್ಮನಿಗೆ ಏನಾದರೂ ಕೈಯಾರೆ ಮಾಡಿಕೊಡಬೇಕೆಂಬ ಆಸೆ ನಿಮಗೆ ಬಂದಿದೆ. ಒಳ್ಳೆಯದು. ಆದರೆ ಕತ್ತರಿ, ಗೋಂದು, ಬಣ್ಣದ ಕಾಗದ ಹುಡುಕುವ ಮೊದಲು ಒಂದು ವಾರ ಅವರನ್ನು ಸುಮ್ಮನೆ ನೋಡಿ. ಅಮ್ಮ ಒಲೆಯ ಮೇಲಿನ ಬಿಸಿ ಪಾತ್ರೆಯನ್ನು ಯಾತರಲ್ಲಿ ಹಿಡಿದು ಇಳಿಸುತ್ತಾಳೆ? ಇಕ್ಕಳ ಗೋಡೆಗೆ ನೇತಾಡುತ್ತಲೇ ಇರುತ್ತದೆ, ಅವಸರದಲ್ಲಿ ಕೈಗೆ ಬರುವುದು ಮಾತ್ರ ಸೆರಗಿನ ಚುಂಗು, ಇಲ್ಲವೇ ದುಪಟ್ಟಾದ ತುದಿ. ಅಪ್ಪ ಸಂತೆಯಿಂದ ತರಕಾರಿಯನ್ನು ಯಾವುದರಲ್ಲಿ ತರುತ್ತಾನೆ? ಕನ್ನಡಕ ತೆಗೆದು ಎಲ್ಲಿಡುತ್ತಾನೆ? ಗಾಡಿಯ ಕೀಲಿಕೈ ಸಿಗದೆ ಬೆಳಬೆಳಿಗ್ಗೆ ಯಾರ ಮೇಲೆ ರೇಗುತ್ತಾನೆ? (ಏಕವಚನದಲ್ಲಿ ಬರೆಯುತ್ತಿದ್ದೇನೆಂದು ಬೇಸರ ಬೇಡ. ನಿಮ್ಮ ಅಪ್ಪ ಅಮ್ಮನ ವಯಸ್ಸಿನವರಿಗೇ ಸೂಜಿಗೆ ದಾರ ಪೋಣಿಸಲು ಕಲಿಸಿದ ಹೊಲಿಗೆ ಟೀಚರ್ ನಾನು.) ಇಷ್ಟಕ್ಕೆ ಉತ್ತರ ಸಿಕ್ಕಿತೆಂದರೆ ಏನು ಮಾಡಬೇಕೆಂಬುದು ತಾನಾಗಿ ತಿಳಿಯುತ್ತದೆ.

ನೋಡದೆ ಮಾಡಿದರೆ ಏನಾಗುತ್ತದೆಂದು ತಿಳಿಯಲು ಯಾರದಾದರೂ ಮನೆಯ ಶೋಕೇಸಿನ ಮುಂದೆ ನಿಂತರೆ ಸಾಕು. ಐಸ್‌ಕ್ರೀಮ್ ಕಡ್ಡಿಯ ಪೆನ್ ಸ್ಟ್ಯಾಂಡು, ಮಿಂಚಿನ ಪುಡಿ ಮೆತ್ತಿದ ಬಾಟಲಿ. ಅಪ್ಪನ ಹತ್ತಿರ ಇರುವುದೇ ಒಂದು ಪೆನ್ನು, ಅದು ಅಂಗಿಯ ಜೇಬು ಬಿಟ್ಟು ಇಳಿಯುವುದಿಲ್ಲ. ಸ್ಟ್ಯಾಂಡಿನಲ್ಲಿ ಕೊನೆಗೆ ಸೇರುವುದು ಊದುಬತ್ತಿ ಮತ್ತು ಮುಗಿದುಹೋದ ರೀಫಿಲ್ಲು. ಎಸೆಯಲು ಅಮ್ಮನಿಗೆ ಮನಸ್ಸು ಬಾರದು, ಹಬ್ಬ ಬಂದಾಗಲೆಲ್ಲ ಅದರ ಧೂಳು ಒರೆಸುವ ಕೆಲಸವೊಂದು ಹೆಚ್ಚಿತು. ನಾಲ್ಕೈದು ವರ್ಷದ ಕೂಸಾದರೆ ಮಾತು ಬೇರೆ. ಅದು ತೆಂಗಿನ ಗರಿಯ ವಾಚು ಮಾಡಿ ಅಪ್ಪನ ಕೈಗೆ ಕಟ್ಟಲಿ, ಸಂಜೆಗೆ ಬಾಡಿದರೂ ನಷ್ಟವಿಲ್ಲ. ನೀವು ಹತ್ತು ದಾಟಿದವರು. ನಿಮ್ಮ ಕೈಯಿಂದ ಬಂದದ್ದು ದಿನದ ಬಳಕೆಗೆ ಬರಬೇಕು, ಒಗೆದರೆ ತಡೆಯಬೇಕು.

ಬಿಸಿ ಪಾತ್ರೆಯಿಂದಲೇ ಶುರು ಮಾಡೋಣ. ಒಂದು ಜೊತೆ ಮಸಿಬಟ್ಟೆ ಹೊಲಿಯಿರಿ, ಏಳು ಇಂಚಿನ ಚೌಕ ಸಾಕು. ಒಳಗೆ ಹಳೆಯ ಟವೆಲಿನ ನಾಲ್ಕು ಪದರ, ಮೇಲೆ ಕೆಳಗೆ ಹಳೆಯ ಹತ್ತಿ ಸೀರೆಯ ತುಂಡು. ಹತ್ತಿ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ. ಪಾಲಿಯೆಸ್ಟರ್, ನೈಲಾನ್ ನೋಡಲು ಎಷ್ಟೇ ಚೆಂದವಿದ್ದರೂ ಬಿಸಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಅನುಮಾನ ಬಂದರೆ ಬಟ್ಟೆಯಿಂದ ಒಂದೆಳೆ ಕಿತ್ತು, ಮನೆಯ ದೊಡ್ಡವರ ಕೈಯಲ್ಲಿ ದೀಪಕ್ಕೆ ಹಿಡಿಸಿ. ಹತ್ತಿಯಾದರೆ ಸುಟ್ಟ ಕಾಗದದ ವಾಸನೆ ಬಂದು ಪುಡಿ ಬೂದಿ ಉಳಿಯುತ್ತದೆ. ಕೃತಕ ನೂಲಾದರೆ ಮುದುಡಿ ಗಟ್ಟಿ ಗುಂಡಾಗುತ್ತದೆ. ದಾರವೂ ಹತ್ತಿಯದೇ ಇರಲಿ.

ಹೊಲಿಗೆ ಕೌದಿಯದು. ಸಣ್ಣ ಸಣ್ಣ ಟಾಕಿನ ಸಾಲು, ಅಷ್ಟೇ. ಅದಕ್ಕೆ ದೊಡ್ಡ ವಿದ್ಯೆ ಬೇಡ, ಕೂರುವ ತಾಳ್ಮೆ ಬೇಕು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಸಿದ್ದಿ ಜನ ಇದ್ದಾರೆ, ಶತಮಾನಗಳ ಹಿಂದೆ ಆಫ್ರಿಕಾದಿಂದ ಈ ನೆಲಕ್ಕೆ ತರಲಾದವರ ಸಂತತಿ. ಅಲ್ಲಿಯ ಹೆಂಗಸರು ಕೌದಿಯನ್ನು ಒಂದು ಮೂಲೆಯಲ್ಲಿ ಹಿಡಿದರೆ ಅಂಚಿನುದ್ದಕ್ಕೂ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಿಗೆ ಮಡಿಸಿದ ಬಟ್ಟೆಯ ಚೂರು ಕೂರಿಸುತ್ತಾರೆ, ಅದಕ್ಕೆ ಫೂಲ ಎನ್ನುತ್ತಾರೆ. ಕೊನೆಯ ಸಂದು ಮುಚ್ಚುವ ಮುಂಚೆ ಒಳಗೆ ನಾಲ್ಕು ಕಾಳು ಅಕ್ಕಿ ಹಾಕುವ ರೂಢಿಯೂ ಅವರಲ್ಲಿ ಉಂಟು. ಹೊದೆಯುವ ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ! ಮಸಿಬಟ್ಟೆಗೆ ಅಕ್ಕಿ ಬೇಡ, ಅಂಚಿನಿಂದ ಒಳಕ್ಕೆ ಬರುವ ಅವರ ಕ್ರಮ ಮಾತ್ರ ಹಿಡಿಯಿರಿ. ಪದರಗಳು ಜಾರದಂತೆ ಮೊದಲೇ ಕಚ್ಚಾ ಹೊಲಿಗೆ ಹಾಕಿಕೊಳ್ಳಿ, ಕೆಲಸ ಮುಗಿದ ಮೇಲೆ ಆ ದಾರ ಎಳೆದು ತೆಗೆದರಾಯಿತು. ಒಂದು ಮೂಲೆಯಲ್ಲಿ ನೇತುಹಾಕಲು ಕುಣಿಕೆ ಇರಲೇಬೇಕು. ಒಲೆಯಿಂದ ಕೈಯಳತೆಯ ದೂರದ ಮೊಳೆಗೆ ನೀವೇ ಸಿಕ್ಕಿಸಿ ಬನ್ನಿ. ಅಡುಗೆಮನೆಯ ಡ್ರಾಯರಿನೊಳಗೆ ಸೇರಿದರೆ ಅಮ್ಮ ಮತ್ತೆ ಸೆರಗಿಗೇ ಕೈಹಾಕುತ್ತಾಳೆ.

ಬಟ್ಟೆಯ ವಿಷಯದಲ್ಲಿ ಒಂದು ಎಚ್ಚರ. ಕೇಳದೆ ಯಾವುದಕ್ಕೂ ಕತ್ತರಿ ಹಾಕಬೇಡಿ. ಬೀರುವಿನ ಅಡಿಯಲ್ಲಿ ಮಾಸಿದ ಸೀರೆಯೊಂದು ನೀಟಾಗಿ ಮಡಿಚಿಟ್ಟಿದೆ ಎಂದರೆ ಅದಕ್ಕೆ ಕಾರಣವಿರುತ್ತದೆ. ತವರಿನಿಂದ ಬಂದದ್ದಿರಬಹುದು, ನೀವು ಹುಟ್ಟಿದಾಗ ನಿಮ್ಮನ್ನು ಸುತ್ತಿದ್ದೂ ಇರಬಹುದು. ಅಜ್ಜಿಯನ್ನು ಕೇಳಿ, ಅಜ್ಜಿ ಇಲ್ಲದಿದ್ದರೆ ದೊಡ್ಡಮ್ಮನಿಗೆ ಫೋನು ಮಾಡಿ. ಉಡುಗೊರೆ ಗುಟ್ಟಾಗಿಯೇ ಇರಲಿ, ಆದರೆ ಹಿರಿಯರೊಬ್ಬರಿಗೆ ಆ ಗುಟ್ಟು ಗೊತ್ತಿರಲಿ.

ಅಪ್ಪನ ಹಳೇ ಪ್ಯಾಂಟಿನ ಮಟ್ಟಿಗೆ ಇಷ್ಟು ಗೋಜಿಲ್ಲ, ಅದರಿಂದ ಸಂತೆಯ ಚೀಲ ಹೊಲಿಯಬಹುದು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾದದ್ದು 2016ರಲ್ಲಿ. ಇವತ್ತಿಗೂ ಸಂತೆ ಮುಗಿದ ಮೇಲೆ ಮನೆಕಡೆ ಹೊರಟ ಗಾಡಿಗಳ ಹ್ಯಾಂಡಲ್ ನೋಡಿ, ತೆಳು ಚೀಲದಲ್ಲಿ ಟೊಮೆಟೊ ತೂಗಾಡುತ್ತಿರುತ್ತದೆ. ಕಾನೂನು ಮುರಿಯುವ ಹಟ ಅಪ್ಪನಿಗಿಲ್ಲ, ಹೊರಡುವಾಗ ಚೀಲ ಮರೆಯುತ್ತಾನೆ. ಮಡಿಚಿ ಗಾಡಿಯ ಡಿಕ್ಕಿಯಲ್ಲಿ ಕಾಯಂ ಇಡಬಹುದಾದ ಚೀಲ ಅವನಿಗೆ ಬೇಕು. ಪ್ಯಾಂಟಿನ ತೊಡೆಯ ಭಾಗದಿಂದ ಒಂದು ಮೊಳ ಉದ್ದ ಕತ್ತರಿಸಿಕೊಳ್ಳಿ. ಪಕ್ಕದ ಹೊಲಿಗೆ ಎರಡನ್ನೂ ದರ್ಜಿ ಆಗಲೇ ಹಾಕಿಕೊಟ್ಟಿದ್ದಾನೆ. ಒಳಮಗ್ಗುಲು ಹೊರಗೆ ಮಾಡಿ ತಳವನ್ನು ಬಖಿಯಾದಲ್ಲಿ ಹೊಲಿಯಿರಿ, ಅಂದರೆ ಪ್ರತಿ ಟಾಕಿಗೂ ಸೂಜಿ ಅರ್ಧ ಹಿಂದಕ್ಕೆ ಬಂದು ಮುಂದೆ ಹೋಗಬೇಕು. ಬರೀ ಸಾಲು ಹೊಲಿಗೆ ಎರಡು ಕಿಲೋ ಆಲೂಗಡ್ಡೆಗೆ ಬಾಯಿ ಬಿಡುತ್ತದೆ. ತಳದ ಎರಡು ಮೂಲೆಗಳನ್ನು ತ್ರಿಕೋನವಾಗಿ ಹಿಡಿದು ಅಡ್ಡಡ್ಡ ಹೊಲಿದರೆ ಚೀಲ ನೆಲದ ಮೇಲೆ ತಾನೇ ನಿಲ್ಲುತ್ತದೆ. ಸೊಂಟಪಟ್ಟಿಯನ್ನು ಎರಡು ಮಾಡಿದರೆ ಹಿಡಿಕೆ ಸಿದ್ಧ. ಚೀಲದ ಬಾಯಿಯನ್ನು ಒಳಕ್ಕೆ ಮಡಿಸಿ ಹೊಲಿದ ಮೇಲೆ ಹಿಡಿಕೆಯ ತುದಿಗಳನ್ನು ಎರಡಿಂಚು ಒಳಗಿಳಿಸಿ, ಸುತ್ತ ಚೌಕ, ಚೌಕದೊಳಗೆ ಗುಣಿಸುವ ಚಿಹ್ನೆಯಂತೆ ಜೋಡಿದಾರದಲ್ಲಿ ಬಿಗಿಯಿರಿ. ಭಾರವೆಲ್ಲ ಬೀಳುವುದು ಅಲ್ಲೇ. ಹಿಂಜೇಬನ್ನು ಬಿಚ್ಚಿ ಹೊರಗಡೆ ಅಂಟಿಸಿದಂತೆ ಹೊಲಿದರೆ ಅಮ್ಮ ಬರೆದುಕೊಟ್ಟ ಚೀಟಿ ಇಡಲು ಜಾಗ. ಜೀನ್ಸಿಗೆ ಕೈಹಾಕಬೇಡಿ, ಸೂಜಿ ಮುರಿಯುತ್ತದೆ. ಗಂಡುಮಕ್ಕಳು ಇದೆಲ್ಲ ಹುಡುಗಿಯರ ಕೆಲಸ ಎಂದು ಜಾರಿಕೊಳ್ಳುವುದೂ ಬೇಡ, ಊರಿನ ದರ್ಜಿ ಯಾರೆಂದು ಒಮ್ಮೆ ನೆನೆಸಿಕೊಳ್ಳಿ.

ಕೈ ಕುದುರಿದವರಿಗೆ ಕಸೂತಿ ಇದೆ. ಧಾರವಾಡದ ಸುತ್ತಿನ ಈ ಕೆಲಸದಲ್ಲಿ ಬಟ್ಟೆಯ ಮೇಲೆ ಚಿತ್ರ ಗೀಚುವಂತಿಲ್ಲ, ಎಳೆ ಎಣಿಸಿ ಹೋಗಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಹೊಲಿಗೆ. ನೀವು ಗವಂತಿಯೊಂದನ್ನೇ ಹಿಡಿಯಿರಿ. ಹೋಗುವಾಗ ಒಂದು ಟಾಕು ಬಿಟ್ಟು ಒಂದು, ಅದೇ ದಾರಿಯಲ್ಲಿ ಮರಳುವಾಗ ಬಿಟ್ಟ ಜಾಗ ತುಂಬುತ್ತ ಬರಬೇಕು, ಆಗ ಹಿಂದೆ ಮುಂದೆ ಎರಡೂ ಕಡೆ ಒಂದೇ ಚಿತ್ರ. ಎಳೆ ಕಣ್ಣಿಗೆ ಕಾಣುವ ಮ್ಯಾಟಿ ಬಟ್ಟೆ ಕೊಂಡು, ಮೂಲೆಯಲ್ಲಿ ಪುಟ್ಟ ತುಳಸಿಕಟ್ಟೆ ತೆಗೆದರೆ ಅಪ್ಪನ ಕನ್ನಡಕಕ್ಕೆ ಚೀಲವಾಗುತ್ತದೆ. ಒಂದೆಳೆ ತಪ್ಪಿದರೆ ಕಟ್ಟೆ ವಾಲುತ್ತದೆ, ಬಿಚ್ಚಿ ಮತ್ತೆ ಹೊಲಿಯಿರಿ. ಪರೀಕ್ಷೆಯ ತಿಂಗಳಲ್ಲಿ ಇದನ್ನು ಶುರು ಮಾಡಬೇಡಿ.

ಯಾವತ್ತು ಕೊಡಬೇಕು ಎಂದು ಕೇಳುತ್ತೀರಿ. ಮೇ ತಿಂಗಳ ಎರಡನೆಯ ಭಾನುವಾರದ ಅಮ್ಮಂದಿರ ದಿನ ನಮ್ಮದಲ್ಲ ಎಂದು ಮೂಗು ಮುರಿಯುವವರ ಗುಂಪಿನಲ್ಲಿ ನಾನಿಲ್ಲ. ಅದನ್ನು ಶುರು ಮಾಡಿದ ಆನಾ ಜಾರ್ವಿಸ್ ಎಂಬ ಹೆಣ್ಣುಮಗಳು 1908ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಗ್ರಾಫ್ಟನ್‌ನಲ್ಲಿ ತೀರಿಹೋದ ತನ್ನ ತಾಯಿಯ ನೆನಪಿಗೆ ಪ್ರಾರ್ಥನೆ ಮಾಡಿಸಿದಳು. 1914ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಅದನ್ನು ಇಡೀ ದೇಶದ ದಿನವಾಗಿ ಸಾರಿದರು. ಮುಂದೆ ಹೂವಿನವರು, ಮಿಠಾಯಿಯವರು, ಕಾರ್ಡು ಅಚ್ಚು ಹಾಕುವವರು ಆ ದಿನವನ್ನು ವ್ಯಾಪಾರ ಮಾಡಿಕೊಂಡಾಗ ಆಕೆಯೇ ಅದರ ವಿರುದ್ಧ ಹೋರಾಡಿದಳು. ತಾಯಿಗೆ ಕೈಯಾರೆ ನಾಲ್ಕು ಸಾಲು ಬರೆಯದೆ ಅಚ್ಚಾದ ಕಾರ್ಡು ಕೊಳ್ಳುವುದು ಆಕೆಗೆ ಸರಿಬರಲಿಲ್ಲ. ಹಾಗಾಗಿ ಮೇ ತಿಂಗಳಿಗೂ ಕಾಯಬಹುದು. ನನ್ನನ್ನು ಕೇಳಿದರೆ, ಮಸಿಬಟ್ಟೆ ಮುಗಿದ ದಿನವೇ ಕೊಟ್ಟುಬಿಡಿ. ಅಲ್ಲಿಯವರೆಗೆ ಯಾಕೆ ಕೈ ಸುಟ್ಟುಕೊಳ್ಳಬೇಕು ಅವಳು?

ಕೊಡುವ ಮೊದಲೇ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಬೇಡಿ. ಮನೆತುಂಬ ಚೂರು ಚಿಂದಿ ಹರಡಿ, ಅದನ್ನು ಗುಡಿಸುವ ಕೆಲಸವನ್ನೂ ಅಮ್ಮನ ಪಾಲಿಗೆ ಬಿಡಬೇಡಿ. ಬಿದ್ದ ಸೂಜಿ ಸಿಗುವವರೆಗೆ ಯಾರೂ ಅಲ್ಲಿ ಬರಿಗಾಲಲ್ಲಿ ನಡೆಯದಂತೆ ನೋಡಿಕೊಳ್ಳಿ. ಕೊಟ್ಟ ಮೇಲೆ ಹೇಗಿದೆ, ಹೇಗಿದೆ ಎಂದು ಬೆನ್ನುಹತ್ತುವುದೂ ಬೇಡ. ಮಸಿಬಟ್ಟೆ ಎರಡು ತಿಂಗಳಲ್ಲಿ ಕರಿಹಿಡಿದಿದ್ದರೆ, ಚೀಲದಲ್ಲಿ ಸೊಪ್ಪಿನ ಮಣ್ಣು ಅಂಟಿದ್ದರೆ ಅದೇ ಉತ್ತರ. ಬಳಸಿದ ಚೀಲದ ಹಿಡಿಕೆ ಒಂದಲ್ಲ ಒಂದು ದಿನ ಕಿತ್ತುಬರುತ್ತದೆ. ಅಪ್ಪ ಅದನ್ನು ಮೂಲೆಗೆಸೆಯುವ ಮೊದಲೇ ಈಸಿಕೊಂಡು, ಹಳೆಯ ದಾರ ಪೂರ್ತಿ ಬಿಚ್ಚಿ, ಈ ಸಲ ಹಿಡಿಕೆಯ ಬುಡಕ್ಕೆ ಒಳಗಿನಿಂದ ಒಂದು ತುಂಡು ದಪ್ಪ ಬಟ್ಟೆ ಕೊಟ್ಟು ಹೊಲಿಯಿರಿ.