ಹೊಗೆಯ ವಿಷವೂ ದೇಹದ ಸತುವೂ

ಹರಪನಹಳ್ಳಿ ತಾಲ್ಲೂಕಿನ ಹಲವಾಗಲು ಮೊದಲಾದ ತುಂಗಭದ್ರಾತೀರದ ಗ್ರಾಮಗಳ ಗೌಡರೂ ಭೂಮಾಲೀಕರೂ ಕೊಯ್ಲಿನ ಬಳಿಕ ಗಮನಿಸತಕ್ಕ ವಿಷಯವೊಂದುಂಟು. ಭತ್ತದ ಕೂಳೆಯನ್ನೂ ಹುಲ್ಲನ್ನೂ ಸುಡುವಾಗ ಏಳುವ ಹೊಗೆಯಲ್ಲಿ ಅಕ್ರೋಲೀನ್ ಮುಂತಾದ ಆಲ್ಡಿಹೈಡುಗಳೆಂಬ ವಿಷವಸ್ತುಗಳಿರುವುವು. ಕಣ್ಣುರಿಗೂ ಕೆಮ್ಮಿಗೂ ಇವು ಒಂದು ಕಾರಣ. ಬಾಣಲೆಯಲ್ಲಿ ಹೊಗೆಯಾಡುವಷ್ಟು ಕಾದ ಎಣ್ಣೆಯಲ್ಲಿಯೂ ಇವು ಹುಟ್ಟುವುವು. ಸಾರಾಯಿ ಕುಡಿದವನ ಯಕೃತ್ತಿನಲ್ಲಿ ಇದೇ ಜಾತಿಯ ಅಸಿಟಾಲ್ಡಿಹೈಡು ಉಂಟಾಗುವುದು.

ಜೀವಕೋಶಗಳಲ್ಲಿ ಮೆಟಾಲೊಥಯೊನೀನ್ ಎಂಬ ಸಸಾರಜನಕ ಪದಾರ್ಥವಿರುವುದು. 1957ರಲ್ಲಿ ಮಾರ್ಗೋಶೆಸ್ ಮತ್ತು ವ್ಯಾಲೀ ಎಂಬ ವಿಜ್ಞಾನಿಗಳು ಇದನ್ನು ಕುದುರೆಯ ಮೂತ್ರಪಿಂಡದಲ್ಲಿ ಕಂಡುಹಿಡಿದರು. ಹಗೇವಿನಲ್ಲಿ ಜೋಳವನ್ನು ಕಾದಿಟ್ಟು ಬೇಕಾದಾಗ ತೆಗೆಯುವಂತೆ, ಇದರ ಒಂದು ಅಣುವು ತನ್ನ 20 ಗಂಧಕಯುಕ್ತ ಘಟಕಗಳಿಂದ ಸತುವಿನ 7 ಪರಮಾಣುಗಳನ್ನು ಹಿಡಿದಿದ್ದು, ಅಗತ್ಯವಾದಾಗ ಒದಗಿಸುವುದು. ಕ್ಯಾಡ್ಮಿಯಂನಂಥ ವಿಷಲೋಹವನ್ನೂ ಇದು ಕಟ್ಟಿಹಾಕುವುದು.

ಆಲ್ಡಿಹೈಡು ಈ ಗಂಧಕಕ್ಕೆ ಅಂಟಿಕೊಂಡರೆ ಸತುವು ಕಳಚಿಹೋಗುವುದು. 2006ರಲ್ಲಿ ಪ್ರಕಟವಾದ ಪ್ರಯೋಗಗಳಿಂದ ಇದು ತಿಳಿದುಬಂದಿತು. ಅಳತೆ ಮೀರಿ ಬಿಡುಗಡೆಯಾದ ಸತುವು ಕೋಶದ ಇತರ ಕಾರ್ಯಗಳಿಗೆ ಅಡ್ಡಿಯಾಗಬಲ್ಲುದು. ರಕ್ಷಕ ಪದಾರ್ಥವೂ ಬಲಗುಂದುವುದು. ಇಲ್ಲಿ ದೋಷವು ಸತುವಿನ ಕೊರತೆಯಲ್ಲ, ಅದರ ಹಿಡಿತ ತಪ್ಪುವಿಕೆ. ಆದುದರಿಂದ ವಿಷವು ದೇಹವನ್ನು ಸೇರದಂತೆ ತಡೆಯುವುದೇ ಮುಖ್ಯ ಉಪಾಯವು.

ಹುಲ್ಲನ್ನು ದನಗಳ ಮೇವಿಗೆ ಬಣವೆ ಒಟ್ಟತಕ್ಕದ್ದು. ಮಿಕ್ಕುದನ್ನು ಗೊಬ್ಬರದ ಗುಂಡಿಗೆ ಹಾಕತಕ್ಕದ್ದು. ಕೂಳೆಯನ್ನು ತೇವವಿರುವಾಗಲೇ ಉತ್ತು ಮಣ್ಣಿಗೆ ಸೇರಿಸುವುದು ಲೇಸು. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬಾರದು. ಅಡಿಗೆಮನೆಗೆ ಹೊಗೆಗಂಡಿ ಇರಬೇಕು. ಗ್ರಾಮದ ಹಿರಿಯರು ತಮ್ಮ ಹೊಲದಲ್ಲಿಯೇ ಬೆಂಕಿಯನ್ನು ನಿಲ್ಲಿಸಿದರೆ ಉಳಿದವರೂ ಅನುಸರಿಸುವರು. ಗಾಳಿಯೂ ನೆಲವೂ ಕೂಡಿಯೇ ಉಳಿಯುವುವು.