ಕುಂಡದಲ್ಲಿ ಸೊಪ್ಪು, ಬಾಯಲ್ಲಿ ಮಾತು
(6ರಿಂದ 8ನೆಯ ತರಗತಿ: ವಿಜ್ಞಾನ ಮತ್ತು ಭಾಷೆಯ ಸಂಯೋಜಿತ ಪಾಠ)

ಪೀಠಿಕೆ
ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ದೇವಾಂಗ ನೇಕಾರರ ಹಾಗೂ ಒಕ್ಕಲಿಗರ ಅನೇಕ ಕುಟುಂಬಗಳಲ್ಲಿ ಕನ್ನಡವು ಇಂದಿಗೂ ಮನೆಮಾತಾಗಿದೆ. ಬೀದಿ, ಸಂತೆಗಳ ಭಾಷೆ ತಮಿಳು. ಹೀಗಾಗಿ ಒಂದೇ ಸೊಪ್ಪಿಗೆ ಅಜ್ಜಿ ಹೇಳುವ ಹೆಸರು ಒಂದಾದರೆ, ಮೊಮ್ಮಗಳು ಹೇಳುವ ಹೆಸರು ಇನ್ನೊಂದು. ಕೊಂಡು ತರುವ ಸೊಪ್ಪಿಗೆ ಅಂಗಡಿಯ ಹೆಸರು ಸಾಕು. ಬೆಳೆಸುವ ಗಿಡಕ್ಕಾದರೋ ಬೀಜ, ಮೊಳಕೆ, ಕುಡಿ, ಗೆಣ್ಣು, ಬೇರು ಎಂಬ ಮಾತುಗಳೂ ಬೇಕಾಗುತ್ತವೆ. ಬಳಸದ ಮಾತು ಒಂದೇ ತಲೆಮಾರಿನಲ್ಲಿ ಮರೆಯಾಗಬಹುದು. ಆ ಮಾತುಗಳನ್ನು ಕೆಲಸದ ಮೂಲಕ ಬಳಕೆಗೆ ತರುವುದೇ ಈ ಪಾಠದ ಉದ್ದೇಶ.

ಗಿಡಗಳ ಜೋಡಣೆ
ಒಂದು ಕುಂಡದಲ್ಲಿ ಕೂಡಿ ಬೆಳೆಯುವ ಗಿಡಗಳಿಗೆ ನೀರು, ಬಿಸಿಲುಗಳ ಅಗತ್ಯ ಸಮಾನವಾಗಿರಬೇಕು. ಕೊತ್ತಂಬರಿ ಮತ್ತು ಮೆಂತ್ಯ ಉತ್ತಮ ಜೋಡಿ. ಎರಡನ್ನೂ ಕುಂಡದಲ್ಲಿಯೇ ಬಿತ್ತಬೇಕು. ಕೊತ್ತಂಬರಿ ಬೀಜವನ್ನು ಮೆಲ್ಲಗೆ ಉಜ್ಜಿ ಎರಡು ಹೋಳಾಗಿಸಿ ಬಿತ್ತುವುದು ವಾಡಿಕೆ. ಮೆಂತ್ಯ ಬೇಗ ಮೊಳೆತು 3–4 ವಾರಗಳಲ್ಲಿ ಕೊಯ್ಲಿಗೆ ಬರುತ್ತದೆ. ಅದು ತೆರವು ಮಾಡಿದ ಜಾಗದಲ್ಲಿ ಕೊತ್ತಂಬರಿ ಹರಡಿಕೊಳ್ಳುತ್ತದೆ. ದೊಡ್ಡಪತ್ರೆ ಮತ್ತು ತುಳಸಿಗೆ ಮೇಲ್ಮಣ್ಣು ಒಣಗಿದ ಬಳಿಕ ನೀರುಣಿಸಿದರೆ ಸಾಕು. ಅವೆರಡನ್ನೂ ಒಟ್ಟಿಗೆ ನೆಡಬಹುದು. ಪುದೀನ ಸದಾ ತೇವವನ್ನು ಬಯಸುತ್ತದೆ. ಅದರ ಹಬ್ಬುಕಾಂಡ ನೆರೆಯ ಗಿಡಗಳನ್ನು ಒತ್ತರಿಸುವುದರಿಂದ ಅದಕ್ಕೆ ಪ್ರತ್ಯೇಕ ಕುಂಡವಿರಲಿ. ಕರಿಬೇವು ಬಹುವರ್ಷ ಬಾಳುವ ಮರ. ಅದನ್ನು ಇವುಗಳೊಡನೆ ಸೇರಿಸಬಾರದು.

ಮಣ್ಣು, ನೀರು, ಗಾಳಿ
ತಳದಲ್ಲಿ ತೂತುಳ್ಳ, ಸುಮಾರು 25 ಸೆಂ.ಮೀ. ಆಳದ ಕುಂಡವನ್ನು ಆರಿಸಬೇಕು. ಕೆಮ್ಮಣ್ಣು, ಮಾಗಿದ ಗೊಬ್ಬರ, ತೆಂಗಿನ ನಾರಿನ ಪುಡಿಗಳನ್ನು ಸಮಪಾಲಿನಲ್ಲಿ ಬೆರೆಸಬೇಕು. ನಾರಿನ ಪುಡಿ ಪೊಳ್ಳಾಚಿಯ ಕಡೆ ಸುಲಭವಾಗಿ ದೊರೆಯುತ್ತದೆ; ಅದರಲ್ಲಿ ಲವಣಾಂಶ ಇರುವುದರಿಂದ ನೆನೆಸಿ, ತೊಳೆದು ಬಳಸಬೇಕು.

ಪಾಲಕ್ಕಾಡು ಕಣಿವೆಯಿಂದ ಜೂನ್–ಆಗಸ್ಟ್ ತಿಂಗಳುಗಳಲ್ಲಿ ಬೀಸುವ ಗಾಳಿ ಉಡುಮಲಪೇಟೆ, ಪಲ್ಲಡಂ ಸುತ್ತಿನ ಗಾಳಿಯಂತ್ರಗಳನ್ನು ತಿರುಗಿಸುತ್ತದೆ. ಅದೇ ಗಾಳಿ ಕುಂಡದ ತೇವವನ್ನೂ ಹೀರುತ್ತದೆ. ಆಗ ಕುಂಡಗಳನ್ನು ಗೋಡೆಯ ಮರೆಯಲ್ಲಿಡಬೇಕು. ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳ ತ್ಯಾಜ್ಯದಿಂದ ನೊಯ್ಯಲ್ ನದಿಯ ಪಾತ್ರದಲ್ಲಿ ಅಂತರ್ಜಲವು ಹಲವೆಡೆ ಉಪ್ಪಾಗಿದೆ. ಎಲೆಯಂಚು ಸುಟ್ಟಂತಾಗಿ ಮಣ್ಣಿನ ಮೇಲೆ ಬಿಳಿ ಪೊರೆ ಕಂಡರೆ, ಸಂಗ್ರಹಿಸಿದ ಮಳೆನೀರನ್ನು ಬಳಸುವುದು ಲೇಸು. ಕೊತ್ತಂಬರಿ ಕಡುಬೇಸಿಗೆಯಲ್ಲಿ ಬೇಗನೆ ಹೂವಿಗೆ ತಿರುಗುವುದರಿಂದ, ಅಕ್ಟೋಬರ್ ಬಳಿಕದ ತಂಪು ತಿಂಗಳುಗಳು ಬಿತ್ತನೆಗೆ ಅನುಕೂಲ.

ಗಿಡದ ಆರೋಗ್ಯ
ಒತ್ತಾಗಿ ಬೆಳೆದ ಸಸಿಗಳ ನಡುವೆ ಗಾಳಿಯಾಡದೆ ಬೂಷ್ಟು ತಗಲುತ್ತದೆ. ನೀರು ನಿಂತರೆ ಬೇರು ಕೊಳೆಯುತ್ತದೆ. ವಾರಕ್ಕೊಮ್ಮೆ ಮಕ್ಕಳು ಎಲೆಯ ಅಡಿಭಾಗವನ್ನು ಪರೀಕ್ಷಿಸಿ, ಸಸ್ಯಹೇನು ಕಂಡರೆ ನೀರು ಚಿಮ್ಮಿಸಿ ತೊಳೆಯಲಿ. ಹಸಿಯಾಗಿ ತಿನ್ನುವ ಸೊಪ್ಪಾದ್ದರಿಂದ ರಾಸಾಯನಿಕ ಕೀಟನಾಶಕ ಬೇಡ.

ಭಾಷಾ ಚಟುವಟಿಕೆ
ಪ್ರತಿ ಕುಂಡದ ಫಲಕದಲ್ಲಿ ಮನೆಯ ಮಾತು, ಪುಸ್ತಕದ ಕನ್ನಡ, ತಮಿಳು ಎಂಬ ಮೂರು ಸಾಲುಗಳಿರಲಿ. ಮೆಂತ್ಯ–ವೆಂದಯಂ, ದೊಡ್ಡಪತ್ರೆ–ಕರ್ಪೂರವಳ್ಳಿ ಇವುಗಳಲ್ಲಿ ಹೆಸರು ಬೇರೆ. ಕರಿಬೇವು–ಕರಿವೇಪ್ಪಿಲೈ ಎಂಬಲ್ಲಿ ನಂಟು ಸ್ಪಷ್ಟ. ಬೇರು–ವೇರ್, ಬೇಲಿ–ವೇಲಿ, ಹೂ–ಪೂ, ಹುಳು–ಪುಳು: ಈ ಜೋಡಿಗಳಿಂದ ಧ್ವನಿ ವ್ಯತ್ಯಾಸದ ನಿಯಮವನ್ನು ಮಕ್ಕಳೇ ಕಂಡುಕೊಳ್ಳಲಿ. ಹಳಗನ್ನಡದಲ್ಲಿಯೂ ಹೂವು ‘ಪೂ’ ಆಗಿತ್ತೆಂಬುದನ್ನು ಶಿಕ್ಷಕರು ಆಮೇಲೆ ತಿಳಿಸಬೇಕು. ಮಗು ತರುವ ಮನೆಮಾತನ್ನು ‘ತಪ್ಪು’ ಎಂದು ಹೊಡೆದುಹಾಕಬಾರದು. ಅದಕ್ಕಾಗಿಯೇ ಫಲಕದ ಮೊದಲ ಸಾಲು ಮೀಸಲು.

ಮೌಲ್ಯಮಾಪನ
1. ಪುದೀನಕ್ಕೆ ಪ್ರತ್ಯೇಕ ಕುಂಡ ಏಕೆ? ಎರಡು ಕಾರಣ ಬರೆಯಿರಿ.
2. ನಿಮ್ಮ ಕುಂಡದ ಮೂರು ವಾರಗಳ ದಿನಚರಿಯನ್ನು ಕನ್ನಡದಲ್ಲಿ ಬರೆಯಿರಿ.
3. ಮನೆಯ ಹಿರಿಯರನ್ನು ಕೇಳಿ, ಶಾಲೆಯ ಪುಸ್ತಕದಲ್ಲಿಲ್ಲದ ಒಂದು ಸೊಪ್ಪಿನ ಹೆಸರನ್ನೂ ಬಳಕೆಯನ್ನೂ ಸಂಗ್ರಹಿಸಿರಿ.