ಪಿಸ್ಟನ್ನಿಗೂ ಗೋಡೆಗೂ ನಡುವಣ ಸಂದು

ಕಮ್ಮಾರನು ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ತೊಡಿಸುವುದನ್ನು ನಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಕೆಂಪಗೆ ಕಾಯಿಸಿದ ಪಟ್ಟಿಯು ಹಿಗ್ಗಿ ಮರದ ಮೇಲೆ ಸಲೀಸಾಗಿ ಕೂರುವುದು. ನೀರು ಹೊಯ್ದೊಡನೆ ಕುಗ್ಗಿ ಬಿಗಿಯುವುದು. ಕಮ್ಮಾರನಿಗೆ ನೆರವಾಗುವ ಈ ಗುಣವೇ ಮೋಟಾರು ಎಂಜಿನನ್ನು ಬಿಚ್ಚಿ ಹೊಸದಾಗಿ ಕಟ್ಟುವವನಿಗೆ ತಲೆನೋವು. ಕಲಾಶಾಲೆಯ ಸಂಚಿಕೆಯಲ್ಲಿ ಎಂಜಿನ್ನಿನ ಪುರಾಣವೇಕೆಂದು ಮಿತ್ರರು ಹುಬ್ಬೇರಿಸಬಾರದು. ಇಲ್ಲಿ ಬೇಕಾದ ಗಣಿತವು ಹೈಸ್ಕೂಲಿನದೇ.

ಅಮೆರಿಕದ ಷೆವ್ರೊಲೆ ಕಂಪನಿಯ 350 ಘನ ಇಂಚಿನ ಎಂಜಿನ್ ಮೊದಲು ಕಾಣಿಸಿದುದು 1967ರ ಮಾದರಿಯ ಕ್ಯಾಮರೊ ಕಾರಿನಲ್ಲಿ. ಅದರ ಎಂಟು ಸಿಲಿಂಡರುಗಳು ಎರಕದ ಕಬ್ಬಿಣದವು. ವ್ಯಾಸ 4 ಇಂಚು. ಸವೆದ ಸಿಲಿಂಡರನ್ನು 4.030 ಇಂಚಿಗೆ ಕೊರೆಯುವುದು ವಾಡಿಕೆ. ಒಳಗೆ ಓಡಾಡುವ ಪಿಸ್ಟನ್ ಅಲ್ಯೂಮಿನಿಯಮ್ ಮಿಶ್ರಲೋಹದ್ದು. ಪ್ರತಿ ಡಿಗ್ರಿ ಸೆಂಟಿಗ್ರೇಡಿಗೆ ಕಬ್ಬಿಣವು ಹತ್ತು ಲಕ್ಷದಲ್ಲಿ ಸುಮಾರು 11 ಪಾಲು ಹಿಗ್ಗಿದರೆ, ಈ ಲೋಹವು ಸುಮಾರು 22 ಪಾಲು ಹಿಗ್ಗುವುದು. ಎರಡೂ 80 ಡಿಗ್ರಿಯಷ್ಟೇ ಹೆಚ್ಚು ಕಾದುವೆಂದು ಎಣಿಸಿದರೂ, ಪಿಸ್ಟನ್ 0.18 ಮಿಲಿಮೀಟರ್, ಸಿಲಿಂಡರ್ 0.09 ಮಿಲಿಮೀಟರ್ ಬೆಳೆಯುತ್ತವೆ. ಅಂದರೆ ಅವುಗಳ ನಡುವಣ ಸಂದಿನಲ್ಲಿ ಇಂಚಿನ ಸಾವಿರದಲ್ಲಿ ಮೂರೂವರೆ ಭಾಗ ಮಾಯವಾಯಿತು! ವಾಸ್ತವದಲ್ಲಿ ಬೆಂಕಿಯನ್ನು ಎದುರಿಸುವ ಪಿಸ್ಟನ್ನಿನ ತಲೆಯು ಇನ್ನೂ ಬಹಳ ಕಾಯುವುದು.

ಸಂದು ಸಾಲದೆ ಹೋದರೆ ಎಣ್ಣೆಯ ಪೊರೆ ಹರಿದು, ಲೋಹ ಲೋಹವನ್ನು ಉಜ್ಜಿ, ಪಿಸ್ಟನ್ ಕಚ್ಚಿಕೊಳ್ಳುವುದು. ಹಾಗಾದರೆ ಧಾರಾಳವಾಗಿ ಬಿಟ್ಟರಾಯಿತಲ್ಲ ಎನ್ನುವಿರೋ? ಅದೂ ಸಲ್ಲದು. ಕನೆಕ್ಟಿಂಗ್ ರಾಡು ಓರೆಯಾಗಿ ನಿಂತಿರುವುದರಿಂದ ಪಿಸ್ಟನ್ ಏರುವಾಗ ಒಂದು ಗೋಡೆಗೆ, ಸಿಡಿತದಿಂದ ಇಳಿಯುವಾಗ ಎದುರು ಗೋಡೆಗೆ ಒರಗುತ್ತದೆ. ಸಂದು ಹೆಚ್ಚಾದಷ್ಟೂ ಗೋಡೆ ಬದಲಿಸುವಾಗಿನ ಪೆಟ್ಟು ಜೋರು. ಪಿಸ್ಟನ್ ತೂಗಾಡಿ ರಿಂಗುಗಳು ಗೋಡೆಗೆ ನೇರವಾಗಿ ಕೂರವು. ಎಣ್ಣೆ ಮೇಲಕ್ಕೂ ಅನಿಲ ಕೆಳಕ್ಕೂ ನುಸುಳುವುವು.

ಇಲ್ಲಿಯೇ ಹಲವರು ಎಡವುವುದು. ಎರಕದ, ಸಿಲಿಕಾನ್ ಹೆಚ್ಚಿರುವ ಪಿಸ್ಟನ್ನಿಗೆ ಇಂಚಿನ ಸಾವಿರದಲ್ಲಿ ಒಂದೂವರೆ ಎರಡು ಭಾಗ ಸಾಕಾದೀತು. ಆ ಅಂಕಿಯನ್ನೇ ನಂಬಿ, ಓಟಕ್ಕೆಂದು ತಂದ, ಅಚ್ಚಿನಲ್ಲಿ ಒತ್ತಿ ಮಾಡಿದ ಪಿಸ್ಟನ್ನನ್ನು ಕೂರಿಸಿದರೆ ಎಂಜಿನ್ ಕೆಟ್ಟಿತೆಂದೇ ತಿಳಿಯಬೇಕು. ಇಂಥವುಗಳಲ್ಲಿಯೂ ಎರಡು ಬಗೆಯುಂಟು. 4032 ಎಂಬ ಮಿಶ್ರಲೋಹದಲ್ಲಿ ಸಿಲಿಕಾನ್ ಶೇಕಡ 12ರಷ್ಟಿದ್ದು ಹಿಗ್ಗು ಕಡಿಮೆ. 2618ರಲ್ಲಿ ಅದು ಹೆಸರಿಗೆ ಮಾತ್ರ; ಪೆಟ್ಟು ತಾಳುವ ಗಟ್ಟಿತನ ಹೆಚ್ಚಾದರೂ ಹಿಗ್ಗುವುದೂ ಹೆಚ್ಚು. ನಮ್ಮ ಉದಾಹರಣೆಯ ಅಳತೆಗೆ ಇದಕ್ಕೆ ನಾಲ್ಕರಿಂದ ಐದು ಭಾಗ ಬಿಡುವುದುಂಟು. ಆದರೂ ಪಿಸ್ಟನ್ ಮಾಡಿದವನು ಕೊಟ್ಟ ಅಂಕಿಯೇ ಪ್ರಮಾಣ.

ಅಳೆಯುವುದೂ ಒಂದು ವಿದ್ಯೆ. ಪಿಸ್ಟನ್ ಪೂರ್ತಿ ದುಂಡಗಿಲ್ಲ; ಪಿನ್ನಿನ ದಿಕ್ಕಿನಲ್ಲಿ ಕಿರಿದು, ಅದಕ್ಕೆ ಅಡ್ಡಲಾಗಿ ಹಿರಿದು. ತಲೆಯ ಬಳಿ ಸಣ್ಣದು. ಆದುದರಿಂದ ಪಿನ್ನಿಗೆ 90 ಡಿಗ್ರಿ ಅಡ್ಡವಾಗಿ, ಸೂಚಿಸಿದ ಎತ್ತರದಲ್ಲಿಯೇ ಮೈಕ್ರೋಮೀಟರ್ ಹಿಡಿಯಬೇಕು. ಪಿಸ್ಟನ್ ಕೈಗೆ ಬಂದು, ಒಂದೊಂದನ್ನೂ ಅಳೆದು, ಅಂಕಿ ಹಾಕಿದ ಮೇಲೆಯೇ ಸಿಲಿಂಡರಿನ ಕೊನೆಯ ಉಜ್ಜುಗೆಲಸ. ಅದೂ ತಲೆಭಾಗದ ಬದಲು ದಪ್ಪ ಫಲಕವೊಂದನ್ನು ಬೋಲ್ಟಿನಿಂದ ಬಿಗಿದು. ಬಿಗಿತಕ್ಕೆ ಸಿಲಿಂಡರಿನ ದುಂಡು ತುಸು ಸೊಟ್ಟಗಾಗುವುದರಿಂದ ಆ ಸೊಟ್ಟವನ್ನು ಮೊದಲೇ ಉಜ್ಜಿ ತೆಗೆಯುವ ಉಪಾಯವಿದು.

ಹೀಗೆ ಕಟ್ಟಿದ ಎಂಜಿನ್ ಬೆಳಗಿನ ಚಳಿಯಲ್ಲಿ ಟಕಟಕ ಸದ್ದು ಮಾಡಿದರೆ ಗಾಬರಿ ಬೇಡ. ಕಾದ ಮೇಲೆ ಅಡಗುವುದು. ಕಾದರೂ ಅಡಗದಿದ್ದರೆ ಮತ್ತೆ ಬಿಚ್ಚಿ ಅಳೆಯಬೇಕು.